ಅಂಜದೀವದ ಕೋಟೆ: ಮಳೆಗಾಲದ ಲೆಕ್ಕ ಹಿಡಿದು ಒಂದು ಓದು

ಕಾರವಾರದಿಂದ ತುಸು ದಕ್ಷಿಣಕ್ಕೆ, ಬಿಣಗಾ ಕೊಲ್ಲಿಯ ಎದುರಿಗೆ ಅಂಜದೀವವೆಂಬ ದ್ವೀಪವಿದೆ. ಉದ್ದ ಒಂದೂವರೆ ಕಿಲೋಮೀಟರಿನ ಆಸುಪಾಸು. ಕಡತಗಳಲ್ಲಿ ಅದು ಗೋವಾದ ಕಾಣಕೋಣ ತಾಲ್ಲೂಕಿನದು, ಕಣ್ಣಳತೆಗೆ ಕಾರವಾರದ್ದು. 1505ರಲ್ಲಿ ಪೋರ್ಚುಗೀಸರು ಅಲ್ಲಿ ಒಂದು ಕೋಟೆ ಕಟ್ಟಿದರು. ಎರಡು ವರ್ಷ ತುಂಬುವುದರೊಳಗೆ ತಾವೇ ಅದನ್ನು ಕೆಡವಿದರು. ಕಟ್ಟಿದವರೇ ಏಕೆ ಕೆಡವಿದರು ಎಂಬುದು ಈ ಟಿಪ್ಪಣಿಯ ಪ್ರಶ್ನೆ.

1506ರಲ್ಲಿ ಬಿಜಾಪುರದ ಪಡೆ ಬಂದು ಮುತ್ತಿತು, ಅದಕ್ಕೇ ಬಿಟ್ಟುಹೋದರು ಎಂಬುದು ರೂಢಿಯ ಉತ್ತರ. ನನಗೆ ಅದು ಅರ್ಧ ಉತ್ತರ ಎನಿಸುತ್ತದೆ. ಮುತ್ತಿಗೆ ನೆಪವಾಯಿತು. ಕಾರಣ ವರ್ಷದ ನಾಲ್ಕು ತಿಂಗಳ ಮಳೆಗಾಲ, ಮತ್ತು ಎದುರು ದಂಡೆ ಬೇರೆಯವರ ಕೈಯಲ್ಲಿದ್ದುದು. ದ್ವೀಪದ ಮುಂದಿನ ಐನೂರು ವರ್ಷಗಳ ಚರಿತ್ರೆಯನ್ನೂ ಇದೇ ಲೆಕ್ಕದಲ್ಲಿ ಓದಬಹುದು.

ಕಡಲು ಕಾಣದ, ವಿಜಯಪುರ ಸೀಮೆಯ ನಿಡೋಣಿಯವನಿಗೆ ಈ ಉಸಾಬರಿ ಏಕೆ ಎಂದು ಕೇಳಿದವರಿದ್ದಾರೆ. ಊರ ಹೆಸರಿನಲ್ಲಿ ದೋಣಿಯ ಸದ್ದಿದೆಯಲ್ಲ ಎಂದು ನಗಾಡಿದವರೂ ಇದ್ದಾರೆ. ಸದ್ದನ್ನು ನೆಚ್ಚಿ ವ್ಯುತ್ಪತ್ತಿ ಹೆಣೆಯುವ ಚಟ ನನಗಿಲ್ಲ. ನಮ್ಮ ಸೀಮೆಗೆ ಗೊತ್ತಿರುವುದು ಡೋಣಿ ಹೊಳೆ, ಅದರ ಕರಿ ಎರೆಮಣ್ಣು, ಬಿಳಿಜೋಳ. ಆದರೆ ಅಂಜದೀವಕ್ಕೆ ತುಸು ಉತ್ತರದ ದಂಡೆಯನ್ನು ಆಗ ಆಳುತ್ತಿದ್ದವರು ಬಿಜಾಪುರದವರು. ನಮ್ಮ ಕಡೆ ಆದಿಲ್‌ಶಾಹಿ ಎಂದರೆ ಗೋಳಗುಮ್ಮಟ, ಇಬ್ರಾಹಿಂ ರೋಜಾ, ಮಲಿಕ್-ಎ-ಮೈದಾನ್ ತೋಪು, ರಕ್ಕಸತಂಗಡಿ ಕಾಳಗ. ಆ ಸಂಸ್ಥಾನಕ್ಕೆ ಒಂದು ಕಡಲಂಚೂ ಇತ್ತು, ಅಲ್ಲಿಂದ ಅರಬಿ ಕುದುರೆಗಳು ಇಳಿಯುತ್ತಿದ್ದವು ಎಂಬುದು ನಮ್ಮ ಮಾತಿನಲ್ಲಿ ಬರುವುದೇ ಇಲ್ಲ.

ಹೆಸರಿನ ವಿಚಾರ ಮೊದಲು ಮುಗಿಸಿಬಿಡುತ್ತೇನೆ. ಐದು ದ್ವೀಪಗಳ ಗುಂಪಾದ್ದರಿಂದ ‘ಅಂಜು’ ದೀವ ಎಂಬುದು ಒಂದು ವಾದ. ಮಲಯಾಳಂ, ತಮಿಳು ಬಲ್ಲ ನಾವಿಕರ ಬಾಯಲ್ಲಿ ಹುಟ್ಟಿದ್ದರೆ ಇದಕ್ಕೆ ಅಡ್ಡಿಯಿಲ್ಲ. ದ್ವೀಪದಲ್ಲಿದ್ದ ಆರ್ಯಾದುರ್ಗೆಯ ಹೆಸರೇ ಸವೆದು ಹೀಗಾಯಿತು ಎಂಬುದು ಇನ್ನೊಂದು. ಆ ದೇವಿಯನ್ನು ಅಂಕೋಲೆಗೆ ತಂದು ನೆಲೆಗೊಳಿಸಿದರೆಂದು ಅಂಕೋಲೆಯವರು ಇಂದಿಗೂ ಹೇಳುತ್ತಾರೆ. ಎರಡನೆಯ ವಾದಕ್ಕೆ ಭಕ್ತಿಯ ಬಲ ಹೆಚ್ಚು, ಧ್ವನಿನಿಯಮದ ಬಲ ಕಡಿಮೆ. ನಮ್ಮ ಪ್ರಶ್ನೆಗೆ ಎರಡರಿಂದಲೂ ಉಪಯೋಗವಿಲ್ಲ.

ಉಪಯೋಗವಿರುವುದು ನೀರಿನ ಮಾತಿಗೆ. ಹದಿನಾಲ್ಕನೆಯ ಶತಮಾನದ ನಡುವಿನಲ್ಲಿ ಈ ದಾರಿಯಾಗಿ ಹೋದ ಇಬ್ನ್ ಬತೂತ ಅಂಜದೀವದಲ್ಲಿ ಕಂಡದ್ದು ಒಂದು ಗುಡಿ, ಒಂದು ತೋಪು, ಒಂದು ನೀರಿನ ಹೊಂಡ, ಗುಡಿಯ ಗೋಡೆಗೆ ಒರಗಿ ಕುಳಿತ ಒಬ್ಬ ಜೋಗಿ. ನೂರೈವತ್ತು ವರ್ಷಗಳ ನಂತರ, 1498ರ ಸೆಪ್ಟೆಂಬರ್ ಕೊನೆಯಲ್ಲಿ, ವಾಸ್ಕೋ ಡ ಗಾಮ ಊರಿಗೆ ಮರಳುವ ಮುನ್ನ ಇಲ್ಲಿ ತಂಗಿದ. ಹಡಗುಗಳನ್ನು ದಡಕ್ಕೆಳೆದು ತಳ ಕೆರೆಸಿದ. ಅವನ ಜೊತೆಗಿದ್ದವನ ದಿನಚರಿಯಲ್ಲಿ ಪಾಳುಬಿದ್ದ ಕಲ್ಲುಕಟ್ಟಡವೊಂದು ಬರುತ್ತದೆ. ಅದರಲ್ಲಿ ಉಳಿದಿದ್ದ ಹುಲ್ಲುಹೊದಿಕೆಯ ಗರ್ಭಗುಡಿ, ಜನ ಪೂಜಿಸುತ್ತಿದ್ದ ಮೂರು ಕರಿಕಲ್ಲುಗಳು ಬರುತ್ತವೆ. ಅದೇ ಕಲ್ಲಿನಲ್ಲಿ ಕಟ್ಟಿದ ಸಿಹಿನೀರಿನ ಹೊಂಡವೂ, ದ್ವೀಪದ ನೆತ್ತಿಯ ಮೇಲೆ ನಾಲ್ಕು ಮಾರು ಆಳದ ಇನ್ನೊಂದು ದೊಡ್ಡ ಹೊಂಡವೂ ಬರುತ್ತವೆ. ಮೂರು ಕರಿಕಲ್ಲುಗಳನ್ನು ಆರ್ಯಾದುರ್ಗೆಗೆ ತಳಕು ಹಾಕುವ ಆಸೆ ಯಾರಿಗೂ ಆದೀತು. ದಿನಚರಿ ಅಷ್ಟು ದೂರ ಕರೆದೊಯ್ಯುವುದಿಲ್ಲ. ಆದರೆ ಇಬ್ಬರು ಪರದೇಶದವರು ನೂರೈವತ್ತು ವರ್ಷಗಳ ಅಂತರದಲ್ಲಿ ಅದೇ ಜಾಗದಲ್ಲಿ ಗುಡಿಯ ಜೊತೆಗೆ ನೀರನ್ನೂ ಬರೆದಿಟ್ಟದ್ದು ಆಕಸ್ಮಿಕವಲ್ಲ. ಹಾಯಿಹಡಗಿನ ಕಾಲದಲ್ಲಿ ಸಿಹಿನೀರು, ಗಾಳಿಯ ಮರೆ, ಸೌದೆ ಈ ಮೂರೂ ಒಟ್ಟಿಗೆ ಸಿಗುವ ಜಾಗ ಕಡಲಂಚಿನಲ್ಲಿ ಕೆಲವೇ. ಅಂಜದೀವದ ಬೆಲೆಯೆಲ್ಲ ಅದರಲ್ಲಿತ್ತು. ಮುಂದೆ ಅಲ್ಲಿ ಕಟ್ಟಿದ ಕೋಟೆ ಕಾಯಬೇಕಾಗಿದ್ದುದು ನೆಲವನ್ನಲ್ಲ, ಆ ಹೊಂಡಗಳನ್ನು.

ಗಾಮ ಅಲ್ಲಿದ್ದಾಗಲೇ ಬಿಜಾಪುರದ ನೆರಳು ಒಮ್ಮೆ ಸುಳಿದಿದೆ. ಗೋವೆಯ ಒಡೆಯನ ಸೇವೆಯಲ್ಲಿದ್ದ ಯೆಹೂದಿಯೊಬ್ಬ ಗೆಳೆತನದ ಮಾತಾಡುತ್ತ ಹಡಗಿಗೆ ಬಂದ. ಗುಮಾನಿಯಾಗಿ ಅವನನ್ನು ಹಿಡಿದರು. ಮುಂದೆ ಅವನೇ ಗಾಸ್ಪರ್ ಡ ಗಾಮ ಎಂಬ ಹೆಸರಿನಲ್ಲಿ ಪೋರ್ಚುಗೀಸರ ದುಭಾಷಿಯಾದ. ಅವನ ಒಡೆಯನನ್ನು ಪೋರ್ಚುಗೀಸ್ ಬರಹಗಳು ‘ಸಬಾಯೋ’ ಎನ್ನುತ್ತವೆ. ಬಿಜಾಪುರದ ಸುಲ್ತಾನ ಯೂಸುಫ್ ಆದಿಲ್ ಖಾನ್ ಪರ್ಶಿಯಾದ ಸಾವಾ ಊರಿನಲ್ಲಿ ಬೆಳೆದವನೆಂಬ ಇತಿಹಾಸಕಾರ ಫರಿಶ್ತನ ಮಾತನ್ನು ಹಿಡಿದು, ‘ಸಾವಾಯಿ’ಯೇ ಸಬಾಯೋ ಆಯಿತೆಂದು ವಿವರಿಸುವುದುಂಟು. ಅವನ ನಂತರದ ಸುಲ್ತಾನರು ಅದೇ ಬರಹಗಳಲ್ಲಿ ‘ಇದಲ್ಕಾಂವ್’ ಆಗುತ್ತಾರೆ. ಅದು ಆದಿಲ್ ಖಾನನೇ. ಈ ಎರಡು ಹೆಸರು ತಿಳಿಯದೆ ಹುಡುಕಿದವರಿಗೆ ಪೋರ್ಚುಗೀಸ್ ದಾಖಲೆಗಳಲ್ಲಿ ಬಿಜಾಪುರ ಸಿಕ್ಕುವುದೇ ಇಲ್ಲ.

ಅಕ್ಟೋಬರ್ 5ಕ್ಕೆ ಗಾಮ ಲಂಗರು ಎತ್ತಿದ. ಈಶಾನ್ಯದ ಗಾಳಿ ಇನ್ನೂ ಕೂಡಿರಲಿಲ್ಲ. ಏಪ್ರಿಲ್-ಮೇಯಲ್ಲಿ ಮಾಲಿಂದಿಯಿಂದ ಕಲ್ಲಿಕೋಟೆಗೆ ನಾಲ್ಕು ವಾರದೊಳಗೆ ಬಂದವನಿಗೆ ಅದೇ ಕಡಲನ್ನು ಹಿಂದಕ್ಕೆ ದಾಟಲು ಸುಮಾರು ಮೂರು ತಿಂಗಳು ಹಿಡಿಯಿತು. ಒಸಡು ಊದಿ ಕೊಳೆಯುವ ರೋಗಕ್ಕೆ ಜನ ಸತ್ತರು. ಕಡಲಿನವರ ಪಂಚಾಂಗ ಅವನಿಗೆ ಗೊತ್ತಿರಲಿಲ್ಲ. ನಮ್ಮ ಒಕ್ಕಲಿಗ ಹಿಂಗಾರಿ ಬಿತ್ತನೆಗೆ ಉತ್ತರಿ, ಹಸ್ತ, ಚಿತ್ತಿ ಎಂದು ಮಳೆ ಎಣಿಸುವಂತೆಯೇ ಅರಬರೂ ಕೊಂಕಣಿಗರೂ ಗಾಳಿಯನ್ನು ಎಣಿಸಿ ಹಡಗು ಬಿಡುತ್ತಿದ್ದರು. ಹದ ತಪ್ಪಿ ಬಿತ್ತಿದವನ ಗತಿಯೇ ಗಾಮನಿಗೂ ಆಯಿತು.

ಇಲ್ಲಿ ತೇದಿಗಳ ಬಗ್ಗೆ ಒಂದು ಎಚ್ಚರಿಕೆ. 1582ರ ತನಕ ಪೋರ್ಚುಗೀಸರು ಬಳಸುತ್ತಿದ್ದುದು ಹಳೆಯ ಜೂಲಿಯನ್ ಕ್ಯಾಲೆಂಡರ್. ಹದಿನಾರನೆಯ ಶತಮಾನದ ತೇದಿಗೆ ಹತ್ತು ದಿನ ಕೂಡಿಸಿದರೆ ನಮ್ಮ ಇಂದಿನ ಲೆಕ್ಕಕ್ಕೆ ಬರುತ್ತದೆ. ರಾಜಕೀಯ ಚರಿತ್ರೆ ಬರೆಯುವವರಿಗೆ ಹತ್ತು ದಿನ ಹೆಚ್ಚೇನಲ್ಲ. ಮಳೆ ಎಣಿಸುವವನಿಗೆ ಅದು ಮುಕ್ಕಾಲು ನಕ್ಷತ್ರ.

ಈಗ ಕೋಟೆಗೆ ಬರೋಣ. ಮೊದಲ ವೈಸ್‌ರಾಯ್ ಫ್ರಾನ್ಸಿಸ್ಕೊ ದ ಅಲ್ಮೇಡ 1505ರ ಮಾರ್ಚ್‌ನಲ್ಲಿ ಲಿಸ್ಬನ್ ಬಿಟ್ಟು, ಆಫ್ರಿಕಾದ ಕಿಲ್ವಾದಲ್ಲಿ ಕೋಟೆ ಹಾಕಿ, ಮೊಂಬಾಸವನ್ನು ಸುಟ್ಟು, ಸೆಪ್ಟೆಂಬರ್ 13ಕ್ಕೆ ಅಂಜದೀವ ಮುಟ್ಟಿದ. ಇಂದಿನ ಲೆಕ್ಕದಲ್ಲಿ ಸೆಪ್ಟೆಂಬರ್ 23, ಮುಂಗಾರು ಇಳಿಮುಖವಾಗಿ ಕಡಲು ತಿಳಿಯಾಗುವ ಹೊತ್ತು. ಬಂದವನೇ ಕೆಲಸ ಹಚ್ಚಿದ. ಸಿಕ್ಕ ಕಲ್ಲು, ಸಿಕ್ಕ ಮಣ್ಣು. ಸಂತ ಮಿಗೆಲನ ಹೆಸರಿಟ್ಟರು. ಮಾನುವೆಲ್ ಪಸಾನ್ಯ ಎಂಬವನನ್ನು ಕಿಲ್ಲೇದಾರನಾಗಿ ಬಿಟ್ಟು, ಅಕ್ಟೋಬರ್ ನಡುವಿನ ಹೊತ್ತಿಗೆ ವೈಸ್‌ರಾಯ್ ಹೊನ್ನಾವರದ ಕಡೆ ಹೊರಟುಹೋದ. ಕೆಲಸ ನಡೆದದ್ದು ಹೆಚ್ಚೆಂದರೆ ಒಂದು ತಿಂಗಳು.

ಆ ಒಂದು ತಿಂಗಳಲ್ಲೇ ಅವರಿಗೆ ಎದುರು ದಂಡೆಯ ಸುದ್ದಿ ತಿಳಿಯಿತು. ಉತ್ತರಕ್ಕೆ ಕಾಳಿ ನದಿಯ ಬಾಯಲ್ಲಿ ಚಿತ್ತಾಕುಲವಿದೆ. ಪೋರ್ಚುಗೀಸರು ಅದನ್ನು ಸಿಂತಾಕೊರ ಎಂದು ಬರೆದರು. ಕಾಳಿಯೇ ಆಗ ವಿಜಯನಗರಕ್ಕೂ ಬಿಜಾಪುರಕ್ಕೂ ನಡುವಿನ ಗಡಿ. ಗಡಿ ಕಾಯಲು ಬಿಜಾಪುರದವರ ಕೋಟೆ, ಅದರಲ್ಲಿ ದಂಡು. ಈ ಚಿತ್ರವನ್ನು ಸ್ವಲ್ಪ ನಿಂತು ನೋಡಬೇಕು. ಪೋರ್ಚುಗೀಸರು ಆಯ್ದುಕೊಂಡದ್ದು ಯಾರಿಗೂ ಬೇಡವಾದ ಬಂಡೆಯನ್ನಲ್ಲ, ಎರಡು ದೊಡ್ಡ ರಾಜ್ಯಗಳ ಬದುವಿನ ಮೇಲಿನ ನೀರಿನ ಹೊಂಡವನ್ನು. ಹೊಲದ ಬದುವಿನ ಮೇಲೆ ಬಾವಿ ತೋಡಿದವನ ಪಾಡು ನಮ್ಮ ಕಡೆ ಎಲ್ಲರಿಗೂ ಗೊತ್ತು.

1506ರಲ್ಲಿ ಗೋವೆಯಿಂದ ಬಿಜಾಪುರದ ಪರವಾಗಿ ಸುಮಾರು ಅರವತ್ತು ನಾವೆಗಳು ಬಂದು ದ್ವೀಪವನ್ನು ಮುತ್ತಿದವು. ಪಕ್ಷ ಬದಲಿಸಿ ಬಿಜಾಪುರ ಸೇರಿದ್ದ ಒಬ್ಬ ಪೋರ್ಚುಗೀಸ್ ಬಡಗಿಯೂ ಮುಂದಾಳುಗಳಲ್ಲಿದ್ದ. ಕೋಟೆ ಬೀಳಲಿಲ್ಲ. ಪೋರ್ಚುಗೀಸ್ ಹಡಗುಗಳು ನೆರವಿಗೆ ಬರುತ್ತಿವೆ ಎಂದಾಗ ಮುತ್ತಿಗೆ ತೆರವಾಯಿತು. ನನ್ನ ವಾದಕ್ಕೆ ಇದು ಮುಖ್ಯ. ಸೋತ ಕೋಟೆಯನ್ನು ಬಿಟ್ಟುಹೋಗುವುದು ಸಹಜ. ಇವರು ಗೆದ್ದ ಕೋಟೆಯನ್ನು ಬಿಟ್ಟರು. ಮಳೆಗಾಲ ಹಿಡಿದರೆ ಕೊಚ್ಚಿಯಿಂದ, ಕಣ್ಣಾನೂರಿನಿಂದ ಒಂದು ಹಡಗೂ ಬರುವಂತಿಲ್ಲ. ಎದುರಿನವರಿಗಾದರೋ ಕಡಲು ತುಸು ಇಳಿದ ದಿನ ನೋಡಿ ಸಣ್ಣ ದೋಣಿಯಲ್ಲಿ ದಾಟುವಷ್ಟೇ ದೂರ. ಒಳಗೆ ಬೇಕಾದಷ್ಟು ನೀರು, ಕಾಳು ಮಾತ್ರ ಹೊರಗಿನಿಂದ ಬರಬೇಕು.

ಇಲ್ಲಿ ನಮ್ಮ ಸೀಮೆಯ ಹುಡೇ ನೆನಪಾಗುತ್ತದೆ. ವಿಜಯಪುರದ ಸುತ್ತಿನ ಹಲವು ಹಳ್ಳಿಗಳಲ್ಲಿ ಹುಡೇ ಇದೆ. ಕೆಳಗೆ ಕಲ್ಲು, ಮೇಲೆ ಮಣ್ಣು, ದುಂಡನೆಯ ಬುರುಜು. ದಂಡು, ಪಿಂಡಾರಿ ಬಂದರೆ ಊರ ಮಂದಿ ಹತ್ತಿ ಕೂಡುವ ಜಾಗ. ಅದನ್ನು ನೋಡಲು ಬಂದವರು ಗೋಡೆಯ ದಪ್ಪ ಅಳೆಯುತ್ತಾರೆ, ಬಂದೂಕಿನ ಕಿಂಡಿ ಎಣಿಸುತ್ತಾರೆ. ನಾನು ಕೇಳುವುದು ಹಗೇವು ಎಲ್ಲಿತ್ತು ಎಂದು. ನೆಲದೊಳಗೆ ಹೂಜಿಯ ಆಕಾರಕ್ಕೆ ತೋಡಿ, ಸುತ್ತ ಹೊಟ್ಟು ಒತ್ತಿ, ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಮುಚ್ಚಿ ಮೇಲೆ ಮಣ್ಣು ಎಳೆದರೆ ವರ್ಷಗಟ್ಟಲೆ ಕೆಡುವುದಿಲ್ಲ. ತೆಗೆದ ಕೂಡಲೆ ಯಾರೂ ಇಳಿಯುವುದಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗುವ ತನಕ ಕಾಯಬೇಕು, ಕಂದೀಲು ಇಳಿಬಿಟ್ಟು ಅದು ಆರದಿದ್ದರೆ ಮನುಷ್ಯ ಇಳಿಯಬೇಕು. ಹುಡೇದ ಗಟ್ಟಿತನ ಅದರ ಗೋಡೆಯಲ್ಲಿಲ್ಲ, ಆ ಗುಂಡಿಯಲ್ಲಿದೆ.

ಬಿಜಾಪುರದ ಕೋಟೆಗೂ ಇದೇ ಅಳತೆ ಒಪ್ಪುತ್ತದೆ. ಒಂದನೆಯ ಅಲಿ ಆದಿಲ್‌ಶಾಹನ ಕಾಲದಲ್ಲಿ, 1565ರ ಹೊತ್ತಿಗೆ ಮುಗಿದ ನಗರಗೋಡೆಯ ಸುತ್ತಳತೆ ಸುಮಾರು 10 ಕಿಲೋಮೀಟರ್, ಬುರುಜುಗಳು 96. ಒಳಗೆ 1583-84ರಲ್ಲಿ ಹೈದರ್ ಖಾನ್ ಕಟ್ಟಿಸಿದ ಉಪ್ಪಲಿ ಬುರುಜು, ಸುಮಾರು 80 ಅಡಿ ಎತ್ತರ. ಹೊರಮೈಗೆ ಸುತ್ತಿಕೊಂಡ ಮೆಟ್ಟಿಲು ಹತ್ತಿದರೆ ಮೇಲೆ 30 ಅಡಿಗೂ ಉದ್ದದ ತೋಪು. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ ಬಳೆ ಬಿಗಿದು ಮಾಡಿದ್ದು. ಬಿಸಿಲಿನ ಹೊತ್ತು ಅದರ ಮೇಲೆ ಕೈಯಿಟ್ಟರೆ ಸುಡುತ್ತದೆ. ಬಳೆಗಳ ಏಣು ಒಂದೊಂದೂ ಅಂಗೈಗೆ ಎಣಿಸಲು ಸಿಕ್ಕುತ್ತದೆ. ನೀರಿಗೆ ತಾಜ್ ಬಾವಡಿ, ತೊರವಿಯ ಸುರಂಗ ಕಾಲುವೆ, 1651ರ ಬೇಗಂ ತಲಾಬ್. ಇಷ್ಟೆಲ್ಲ ಇದ್ದೂ 1685ರ ಏಪ್ರಿಲ್‌ನಿಂದ ಹೆಚ್ಚುಕಡಿಮೆ ಒಂದೂವರೆ ವರ್ಷ ಔರಂಗಜೇಬನ ದಂಡು ಸುತ್ತುವರಿದಾಗ 1686ರ ಸೆಪ್ಟೆಂಬರ್‌ನಲ್ಲಿ ಸಿಕಂದರ್ ಆದಿಲ್‌ಶಾಹ ಶರಣಾಗಬೇಕಾಯಿತು. ಒಳಗೆ ತಿನ್ನಲು ಉಳಿದಿರಲಿಲ್ಲ. ಬಯಲಿನ ರಾಜಧಾನಿಗೆ ಶತ್ರುವಿನ ದಂಡು ಮಾಡಿದ್ದನ್ನು ದ್ವೀಪದ ಕೋಟೆಗೆ ಪ್ರತಿವರ್ಷ ಜೂನಿನಿಂದ ಸೆಪ್ಟೆಂಬರ್ ತನಕ ಕಡಲೇ ಮಾಡುತ್ತಿತ್ತು. ವಿಜಯಪುರದ ವಾರ್ಷಿಕ ಮಳೆ 600 ಮಿಲಿಮೀಟರಿನ ಆಸುಪಾಸು, ಕಾರವಾರದ್ದು 3000ದ ಆಸುಪಾಸು. ನಮ್ಮಲ್ಲಿ ಮಳೆ ಬಾರದೆ ಮುತ್ತಿಗೆ, ಅಲ್ಲಿ ಮಳೆ ಬಂದು ಮುತ್ತಿಗೆ.

ಅಂಜದೀವದ ಮುತ್ತಿಗೆಗೆ ನಾಲ್ಕು ವರ್ಷಗಳ ನಂತರದ ಗೋವೆಯ ಕಥೆ ಇದಕ್ಕೆ ಒರೆಗಲ್ಲು. ಗೋವೆ ಎಂದರೆ ಆಗ ತಿಸವಾಡಿ, ಮಾಂಡವಿಗೂ ಜುವಾರಿಗೂ ನಡುವಿನ ದ್ವೀಪ. 1510ರ ಫೆಬ್ರವರಿಯಲ್ಲಿ ಹೊನ್ನಾವರದ ಕಡಲನಾಯಕ ತಿಮ್ಮಯ್ಯನ ನೆರವಿನಿಂದ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ ಅದನ್ನು ಸುಲಭವಾಗಿ ಹಿಡಿದ. ಅದೇ ಹೊತ್ತಿಗೆ ತಿಮ್ಮಯ್ಯನ ಜನ ಚಿತ್ತಾಕುಲವನ್ನು ಸುಟ್ಟರು. ಮೇ ತಿಂಗಳಲ್ಲಿ ಬಿಜಾಪುರದ ದಂಡು ದ್ವೀಪಕ್ಕೆ ನುಗ್ಗಿತು. ಮೇ 30ಕ್ಕೆ ಅಲ್ಬುಕರ್ಕ್ ಊರು ಬಿಟ್ಟು ಹಡಗು ಹತ್ತಿದ. ಹತ್ತು ದಿನ ಕೂಡಿಸಿ ನೋಡಿ: ಜೂನ್ 9, ಮಿರಗದ ಮಳೆ. ಮಾಂಡವಿಯ ಬಾಯಿ ಮುಚ್ಚಿತ್ತು. ಹೊರಗೆ ಹೋಗುವಂತಿಲ್ಲ, ಒಳಗೆ ಇಳಿಯುವಂತಿಲ್ಲ. ವಾರಗಟ್ಟಲೆ ನದಿಯಲ್ಲೇ ಲಂಗರು ಹಾಕಿ, ದಡದ ತೋಪಿನ ಹೊಡೆತ ತಿನ್ನುತ್ತ, ಹಸಿದು ಕೂತರು. ಕಡಲು ತಿಳಿಯಾದ ಮೇಲೆ ಹೊಸ ಹಡಗುಗಳನ್ನು ಕೂಡಿಸಿಕೊಂಡು ಬಂದು ನವೆಂಬರ್ 25ಕ್ಕೆ ಊರನ್ನು ಮರಳಿ ಗೆದ್ದರು. ಯೂಸುಫ್ ತೀರಿಕೊಂಡು, ಎಳೆಯ ಇಸ್ಮಾಯಿಲ್ ಗದ್ದುಗೆಯ ಮೇಲಿದ್ದುದೂ ಅವರಿಗೆ ಅನುಕೂಲವಾಯಿತು. ಆದರೂ ಮಳೆಗಾಲದಲ್ಲಿ ಬಿಜಾಪುರ, ಬೇಸಗೆಯಲ್ಲಿ ಪೋರ್ಚುಗಲ್ ಎಂಬ ಒಂದೇ ವರ್ಷದ ಈ ಏರಿಳಿತವನ್ನು ಶೌರ್ಯದ ಮಾತಿನಿಂದ ವಿವರಿಸಲು ಬರುವುದಿಲ್ಲ. 1570-71ರಲ್ಲಿ ಒಂದನೆಯ ಅಲಿ ಆದಿಲ್‌ಶಾಹ ತಾನೇ ಬಂದು ತಿಂಗಳುಗಟ್ಟಲೆ ಅದೇ ದ್ವೀಪವನ್ನು ಸುತ್ತುಗಟ್ಟಿ ಕೂತ. ಪೋರ್ಚುಗೀಸ್ ಬಖೈರುಗಳು ಅವನ ದಂಡನ್ನು ಒಂದು ಲಕ್ಷಕ್ಕೆ ಏರಿಸುತ್ತವೆ. ಗೆದ್ದವರು ಬರೆದ ಲೆಕ್ಕ, ಅಷ್ಟನ್ನೂ ನಂಬಬೇಕಿಲ್ಲ. ಮಳೆ ಮುಗಿಯುವ ಮೊದಲೇ, 1571ರ ಆಗಸ್ಟ್‌ನಲ್ಲಿ ಅವನು ಹಿಂತಿರುಗಿದ. ಹತ್ತಿರವೇ ಗೋವೆ ಸಿಕ್ಕಮೇಲೆ ಅಂಜದೀವದ ನೀರು ಪೋರ್ಚುಗೀಸರಿಗೆ ಅಷ್ಟಾಗಿ ಬೇಕಾಗಲಿಲ್ಲ.

ದ್ವೀಪ ಮತ್ತೆ ಸುದ್ದಿಗೆ ಬಂದದ್ದು 1660ರ ದಶಕದಲ್ಲಿ. ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್‌ಗೆ ಮದುವೆಯ ಬಳುವಳಿಯಾಗಿ ಬಂದ ಮುಂಬಯಿಯನ್ನು ವಶಪಡಿಸಿಕೊಳ್ಳಲು 1662ರಲ್ಲಿ ಸರ್ ಏಬ್ರಹಾಂ ಶಿಪ್‌ಮನ್ ಸುಮಾರು ನಾನೂರು ಸಿಪಾಯಿಗಳೊಡನೆ ಬಂದ. ಪೋರ್ಚುಗೀಸ್ ಅಧಿಕಾರಿಗಳು ಕಾಗದಪತ್ರದ ತಕರಾರು ತೆಗೆದು ಕೊಡಲಿಲ್ಲ. ಇಳಿಯಲು ಬೇರೆಲ್ಲೂ ಜಾಗವಿಲ್ಲದೆ ಅಂಜದೀವದಲ್ಲಿ ಇಳಿದರು. ಎರಡು ಮಳೆಗಾಲ ಕಳೆದವು. ಜ್ವರ, ಹೊಟ್ಟೆಬೇನೆ, ಕೊಳೆತ ದಿನಸಿ. 1664ರಲ್ಲಿ ಶಿಪ್‌ಮನ್ ಅಲ್ಲೇ ತೀರಿಕೊಂಡ. 1665ರ ಮೊದಲಲ್ಲಿ ಅವನ ಕಾರ್ಯದರ್ಶಿ ಹಂಫ್ರಿ ಕುಕ್ ಉಳಿದವರನ್ನು ಮುಂಬಯಿಗೆ ಕರೆದೊಯ್ದಾಗ ಅವರು ನೂರರ ಆಸುಪಾಸು. ಒಬ್ಬ ಶತ್ರುವೂ ಗುಂಡು ಹಾರಿಸದೆ ನಾಲ್ಕರಲ್ಲಿ ಮೂರು ಪಾಲು ಪಡೆ ಮುಗಿದಿತ್ತು.

1675ರ ಹೊತ್ತಿಗೆ ಫೋಂಡಾ, ಕಾರವಾರ, ಅಂಕೋಲೆ ಎಲ್ಲ ಶಿವಾಜಿಯ ಕೈಸೇರಿ ಬಿಜಾಪುರದ ಕಡಲಂಚು ಕಳಚಿಹೋಗಿತ್ತು. 1682ರಲ್ಲಿ ಸಂಭಾಜಿ ಅಂಜದೀವದಲ್ಲಿ ಕೋಟೆ ಹಾಕುವ ಯೋಚನೆ ಮಾಡಿದ. ಸುಳಿವು ಸಿಕ್ಕಿದ ಪೋರ್ಚುಗೀಸರು ಆ ವರ್ಷದ ಮೇ 5ಕ್ಕೆ ದ್ವೀಪವನ್ನು ಹಿಡಿದು, ಅಲ್ವೋರಿನ ಕೌಂಟನ ಆಳ್ವಿಕೆಯಲ್ಲಿ ಗಟ್ಟಿಯಾದ ಕೋಟೆಯನ್ನೇ ಕಟ್ಟಿದರು. ಈ ತೇದಿ ಹೊಸ ಕ್ಯಾಲೆಂಡರಿನದು, ಹತ್ತು ದಿನ ಕೂಡಿಸಬೇಕಿಲ್ಲ. ಮಳೆಗೆ ಒಂದು ತಿಂಗಳು ಮೊದಲು. ಮೊದಲು ಕೂತವನನ್ನು ಸೆಪ್ಟೆಂಬರ್ ತನಕ ಎಬ್ಬಿಸಲಾಗದು ಎಂಬ ಲೆಕ್ಕ ಈ ಸಲ ಅವರಿಗೆ ಚೆನ್ನಾಗಿ ಗೊತ್ತಿತ್ತು. 1506ರಲ್ಲಿ ಅವರನ್ನು ಕೆಡಿಸಿದ ನಾಲ್ಕು ತಿಂಗಳುಗಳೇ 1682ರಲ್ಲಿ ಅವರ ಕಂದಕವಾದವು. ಕಾಳು ತರಲು ಈಗ ಗೋವೆ ಹತ್ತಿರವಿತ್ತು. ಕೋಟೆ ನಿಂತಿತು.

ನಮ್ಮ ನಾಡಿನ ಅರಸರೂ ಕಡಲಿಗೆ ಕೋಟೆ ಹಾಕಿದ್ದಾರೆ. ಕಾಳಿಯ ಬಾಯಲ್ಲಿ ಸೋಂದೆಯ ಬಸವಲಿಂಗರಾಜ 1715ರಲ್ಲಿ ತಂದೆಯ ಹೆಸರಿನಲ್ಲಿ ಸದಾಶಿವಗಡ ಕಟ್ಟಿಸಿದ. ಅದು ಹಳೆಯ ಚಿತ್ತಾಕುಲದ ನೆಲವೇ. ಹೊನ್ನಾವರದ ಎದುರಿನ ಬಸವರಾಜದುರ್ಗವೂ ಮಲ್ಪೆಯ ಎದುರಿನ ದರಿಯಾ ಬಹದ್ದೂರ್‌ಗಡವೂ ಕೆಳದಿಯ ಅರಸರಿಗೆ ಸಲ್ಲುತ್ತವೆ. ಇವುಗಳಿಗೂ ಅಂಜದೀವಕ್ಕೂ ಒಂದು ವ್ಯತ್ಯಾಸ: ಸೋಂದೆಗೂ ಕೆಳದಿಗೂ ಎದುರು ದಂಡೆ ತಮ್ಮದೇ ಆಗಿತ್ತು. ಅಕ್ಕಿ ಬೆಳೆಯುವ ಬೈಲು ಕಣ್ಣೆದುರಿಗಿತ್ತು. ಕೆಳದಿಯ ದ್ವೀಪದುರ್ಗಗಳನ್ನು ಕುರಿತು ಬೇರೆಯೇ ಬರೆಯಬೇಕು. ಅಲ್ಲಿಗೆ ಈ ಅಳತೆ ಒಗ್ಗುವುದಿಲ್ಲ.

1961ರ ನವೆಂಬರ್‌ನಲ್ಲಿ, ಇನ್ನೂ ಪೋರ್ಚುಗೀಸರ ಕೈಯಲ್ಲೇ ಇದ್ದ ಅಂಜದೀವದಿಂದ ‘ಸಾಬರಮತಿ’ ಎಂಬ ಪ್ರಯಾಣಿಕ ಹಡಗಿನ ಮೇಲೂ ಮೀನುಗಾರರ ಮೇಲೂ ಗುಂಡು ಹಾರಿತು. ಡಿಸೆಂಬರ್ 18ಕ್ಕೆ ನೌಕಾಪಡೆಯ ‘ತ್ರಿಶೂಲ’, ‘ಮೈಸೂರು’ ಹಡಗುಗಳಿಂದ ನಾವಿಕರು ದ್ವೀಪಕ್ಕೆ ಇಳಿದರು. ಏಳು ಜನ ಪ್ರಾಣ ತೆತ್ತರು, ಅವರ ಸ್ಮಾರಕ ಅಲ್ಲಿದೆ. ಈ ಕಾರ್ಯಾಚರಣೆಗೆ ರಾಜಕೀಯ ಕಾರಣಗಳು ಬೇಕಾದಷ್ಟಿವೆ, ಅದನ್ನು ಮಳೆಯ ಲೆಕ್ಕಕ್ಕೆ ಎಳೆಯುವುದು ಜುಲುಮೆಯಾದೀತು. ಆದರೂ ತಿಂಗಳು ಡಿಸೆಂಬರೇ.

ಇಂದು ದ್ವೀಪ ನೌಕಾನೆಲೆಯ ಒಳಗಿದೆ, ನನ್ನಂಥವರು ಕಾಲಿಡುವಂತಿಲ್ಲ. ಈ ಬರಹವೆಲ್ಲ ಓದಿನಿಂದ ಬಂದದ್ದು. ಸೀಬರ್ಡ್ ಯೋಜನೆಯಲ್ಲಿ ಕಲ್ಲು ಸುರಿದು ಕಟ್ಟಿದ ಅಲೆತಡೆ ಅಂಜದೀವವನ್ನು ಮುಖ್ಯಭೂಮಿಗೆ ಸೇರಿಸಿದೆ. ಕಾಳು ತುಂಬಿದ ಲಾರಿ ಜುಲೈ ತಿಂಗಳಲ್ಲೂ ಹೋಗಬಹುದು. ಅಲೆತಡೆಯ ಮರೆಯಲ್ಲಿ ಹಡಗುಗಳು ವರ್ಷವಿಡೀ ನಿಲ್ಲುತ್ತವೆ. ಈ ‘ಕದಂಬ’ ನೌಕಾನೆಲೆ ಸೇವೆಗೆ ಸೇರ್ಪಡೆಯಾದದ್ದು 2005ರ ಮೇ 31ರಂದು. ಮಿರಗ ಕೂಡಲು ಇನ್ನೊಂದು ವಾರವಿತ್ತು.